ಮೂರನೇ ದಿನದ ಪಾವು

ಕೊರ್ತಾಲಿಮ್‌ನ ನಮ್ಮ ಓಣಿಯ ಹುಡುಗನೊಬ್ಬ ಸೈನ್ಯ ಸೇರಿ ಗಡಿಯಲ್ಲಿ ಸತ್ತ. ಇಲ್ಲೇ ಸುಟ್ಟರು. ಮೂರನೇ ದಿನ ಅವನಿಗೆ ಇಷ್ಟವಾದದ್ದನ್ನು ಎಡೆಯಿಟ್ಟು ಕಾಗೆ ಮುಟ್ಟುವುದನ್ನು ಕಾಯಬೇಕು. ವಿಜಯಪುರದ ಕಡೆಯ ಅವನ ತಾಯಿ ನಮ್ಮ ಪಕ್ಕದ ಮನೆಯವಳು. ಅವಳ ಅಂಗಳದಲ್ಲಿ ನಾನೇ ಎಲೆ ಹಾಸಿದೆ. ರೊಟ್ಟಿ, ಬದನೆಕಾಯಿ ಪಲ್ಯ, ಲೋಟದಲ್ಲಿ ಚಹಾ.

"ಪಾವಿನವ ಬರ್ಲಿ ತಡೀರಿ ಅಕ್ಕಾರ. ಚಾದಾಗ ಪಾವ್ ಅದ್ದಿ ತಿನ್ನದ ಅವ ಸಾಲಿಗೇ ಹೋಗ್ತಿದ್ದಿಲ್ಲ," ಎಂದಳು ತಾಯಿ. ಪಾವೆಂದರೆ ಇಲ್ಲಿಯ ಬ್ರೆಡ್ಡು, ದಿನಾ ಸೈಕಲ್ಲಿನ ಬುಟ್ಟಿಯಲ್ಲಿ ಮಾರಲು ಬರುತ್ತದೆ.

ಮೂಲೆಯ ಚಹಾದಂಗಡಿಯವನು ಮೊಬೈಲನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ನಾಯಕರೊಬ್ಬರ ಯುದ್ಧದ ಭಾಷಣ ಹಚ್ಚಿದ್ದ. ಮಡಿದವರ ರಕ್ತ ನಮ್ಮೆಲ್ಲರ ಮೇಲಿನ ಋಣ ಎಂದು ಆ ದನಿ ಗುಡುಗಿತು. ಸುಳ್ಳೇಕೆ, ನನಗೂ ಮೈ ಜುಮ್ಮೆಂದಿತು. ಮೌನವಾಗಿ ನಿಲ್ಲಿರಿ ಎಂದಾಗ ಬಂದರಿನ ಕೂಲಿಗಳು, ಗೌಂಡಿಗಳು ರಸ್ತೆಯಲ್ಲೇ ತಲೆ ತಗ್ಗಿಸಿ ನಿಂತರು.

ಆ ಮೌನದೊಳಗೆ ತಿರುವಿನಾಚೆಯಿಂದ ಪೊಂ, ಪೊಂ. ಪಾವಿನವನ ಸೈಕಲ್ಲು. ಅವನಿಗೇನು ಗೊತ್ತು, ದಿನಾ ಊದುವ ಹಾರ್ನು.

"ಸತ್ತವ್ರಂದ್ರ ಚೇಷ್ಟೆ ಏನಲೇ ನಿನಗ?"

ಹಾಗೆಂದು ಮೊದಲು ಹೊಡೆದವನು ನಮ್ಮ ಅಡುಗೆಮನೆಗೆ ಟೈಲ್ಸ್ ಹಾಕಿದ ಗೌಂಡಿ. ಒಂದು ಚೂರೂ ಒಡೆಯದಂತೆ ಹಾಕಿದ್ದ ಕೈ ಅದು. ಸೈಕಲ್ಲಿನ ಪಂಪಿನಿಂದ ಬಾಯಿಗೇ ಬಾರಿಸಿದ. ಹಲ್ಲೊಂದು ಹಾರಿ ಜಲ್ಲಿಯೊಳಗೆ ಬಿತ್ತು. ಉಳಿದವರು ಕೆಡವಿ ಒದ್ದರು. ಯಾರದೋ ಕಾಲಡಿ ಸಿಕ್ಕ ಹಾರ್ನಿನ ರಬ್ಬರು ತುಳಿದಾಗೊಮ್ಮೆ ಪೊಂ ಎನ್ನುತ್ತಿತ್ತು. ಅದಕ್ಕೆ ಮತ್ತಷ್ಟು ಸಿಟ್ಟು, ಮತ್ತಷ್ಟು ಒದೆ. ಚೆಲ್ಲಿದ ಪಾವುಗಳು ರಕ್ತ ಹೀರಿ ಕೆಂಪಾದವು.

ತಾಯಿ ಸೆರಗು ಸಿಕ್ಕಿಸಿಕೊಂಡು ನುಗ್ಗಿ ಅವನ ಮೇಲೆ ಅಡ್ಡಬಿದ್ದಳು. ಒಂದು ಒದೆ ಅವಳ ಬೆನ್ನಿಗೇ ಬಿತ್ತು.

"ಬಿಡ್ರೋ! ನನ್ ಮಗನ ಎಡಿ ಇವನ ಬುಟ್ಟ್ಯಾಗ ಐತಿ!"

ಗೌಂಡಿ ಏದುಸಿರು ಬಿಡುತ್ತ, "ಯವ್ವಾ, ನಿನ್ ಮಗನ ಸಲುವಾಗೇ..." ಎಂದ.

"ನನ್ ಮಗನ ಸಲುವಾಗಿ ಏನರ ಮಾಡೂದಿದ್ರ ಪಾವ್ ಆರಿಸ್ರಿ. ಅವನ್ನ ಉಪವಾಸ ಕಳಸ್ತೀರೇನು?"

ಗಂಡಸರು ಮೊಣಕಾಲೂರಿದರು. ಯಾವ ಪಾವು ಎತ್ತಿದರೂ ಕಲೆ. ಪಾವಿನವನೇ ಒಡೆದ ತುಟಿ ಒತ್ತಿಕೊಂಡು ಬುಟ್ಟಿಯ ತಳದ ಬಟ್ಟೆಯೊಳಗಿಂದ ಒಂದನ್ನು ತೆಗೆದುಕೊಟ್ಟ. ಇನ್ನೂ ಬಿಸಿಯಿತ್ತು. ಅವನನ್ನು ಆಸ್ಪತ್ರೆಗೆ ಒಯ್ಯಲು ಗೌಂಡಿಯೇ ಬೈಕು ತಂದ.

ತಾಯಿ ಪಾವು ಮುರಿದು ಚಹಾದಲ್ಲಿ ಅದ್ದಿ ಎಲೆಯ ಮೇಲಿಟ್ಟು ಹಿಂದೆ ಸರಿದಳು. ಕಾಗೆಗಳು ಗೋಡೆ ಬಿಟ್ಟು ಇಳಿಯಲಿಲ್ಲ. ಸ್ಪೀಕರು ಮತ್ತೆ ಗುಡುಗುತ್ತಿತ್ತು.

"ಅದನ್ನ ಬಂದ್ ಮಾಡ್ರೋ ಯಪ್ಪಾ," ಎಂದಳು, "ಕಾಗಿ ಅಂಜತಾವ."

ಚಹಾದಂಗಡಿಯವನು ವೈರು ಕಿತ್ತ.