ಒಂದು ಡಿಸ್ಕು, ಎರಡು ಬಾಗಿಲು

ಕಾರವಾರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಇನ್ನೂ ಯಾವ ಅಂಗಡಿಯ ಶಟರೂ ಎದ್ದಿಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸರು ಮಾತ್ರ ಅವಸರದಲ್ಲಿ ಹಾದುಹೋಗುತ್ತಿದ್ದಾರೆ. ಮಧುಕರ ಶೇಟರ ಕಂಪ್ಯೂಟರ್ ಅಂಗಡಿಯ ಒಳಕೋಣೆಯಲ್ಲಿ ಒಂದೇ ಒಂದು ದೀಪ. ಅದರ ಕೆಳಗೆ ಅಂಕೋಲೆ ಹತ್ತಿರದ ಭಾವಿಕೇರಿಯ ರೂಪಾ ಗೌಡ ಪರದೆಯ ಮೇಲೆ ತೆವಳುವ ಹಸಿರು ಪಟ್ಟಿಯನ್ನೇ ನೋಡುತ್ತ ಕೂತಿದ್ದಾರೆ.

"ಈಗ ಎಂತದೂ ಕೇಳ್ಬೇಡಿ" ಎನ್ನುತ್ತಾರೆ, ತಿರುಗದೆ. "ಒಳಗಿನ ಸಾಮಾನೆಲ್ಲ ಒಂದು ಬದಿಗೆ ಸರೀತಾ ಉಂಟು. ಈ ಹೊತ್ತಲ್ಲಿ ಕರೆಂಟು ಹೋದ್ರೆ ಎಲ್ಲಾ ಹೋತು."

ಅಂಕೋಲೆಯಿಂದ ಮೊದಲ ಬಸ್ಸು ಹಿಡಿದು ಅವರು ಬರುವುದು ಇದಕ್ಕಾಗಿಯೇ. ಹಗಲು ಕರೆಂಟನ್ನು ನಂಬುವಂತಿಲ್ಲ. ಅಂಗಡಿಯ ಯುಪಿಎಸ್ ಮುದಿಯಾಗಿದೆ. ಒಂದೇ ಡಿಸ್ಕಿನಲ್ಲಿ ಇದ್ದ ವಿಂಡೋಸನ್ನು ಕುಗ್ಗಿಸಿ, ಖಾಲಿಯಾದ ಜಾಗದಲ್ಲಿ ಲಿನಕ್ಸ್ ಎಂಬ ಇನ್ನೊಂದು ಕಾರ್ಯವ್ಯವಸ್ಥೆ ಕೂಡಿಸಿ, ಕಂಪ್ಯೂಟರ್ ಹೊತ್ತಿಸಿದಾಗ "ಯಾವುದು ಬೇಕು?" ಎಂದು ಕೇಳುವ ಮೆನು ಬರುವಂತೆ ಮಾಡುವುದು ರೂಪಾರ ಕೆಲಸ. ಕಾಲೇಜಿನ ಮಕ್ಕಳಿಗೆ ಪಾಠಕ್ಕೊಂದು, ಆಟಕ್ಕೊಂದು ಬೇಕು. ಲೆಕ್ಕ ಬರೆಯುವವರಿಗೆ ಹಳೆಯದೂ ಬೇಕು, ಹೊಸದೂ ಬೇಕು. ಎರಡು ಡಿಸ್ಕು ಕೊಳ್ಳಲಾಗದವರೆಲ್ಲ ಇಲ್ಲಿಗೆ ಬರುತ್ತಾರೆ. ದಿನಕ್ಕೆ ಎರಡೋ ಮೂರೋ ಯಂತ್ರಗಳು ಅವರ ಕೈ ದಾಟುತ್ತವೆ.

ಬಂದವರು ಮೊದಲು ಕೇಳುವುದು, "ರಿಪೇರಿಯವ ಇಲ್ವಾ ಅಕ್ಕಾ?"

"ದಿನಾ ಕೇಳ್ತ್ರು" ಎನ್ನುತ್ತಾರೆ ರೂಪಾ. "ಸ್ಕ್ರೂ ಡ್ರೈವರ್ ನನ್ನ ಕೈಲೇ ಇರ್ತದೆ. ಆದ್ರೂ ನನ್ನ ಬೆನ್ನ ಹಿಂದೆ ಹುಡುಕ್ತ್ರು. ಅಲ್ಲಿ ಗೋಡೆ ಉಂಟು."

ಬೇಲೆಕೇರಿ ಬಂದರಿನಲ್ಲಿ ಹಡಗಿಗೆ ಅದಿರು ತುಂಬುವ ಕೆಲಸ ನಿಂತಾಗ ಅವರ ಗಂಡ ನಾಗ ಮನೆಯಲ್ಲಿ ಕೂತರು. ಆಗ ರೂಪಾ ಈ ಅಂಗಡಿಗೆ ಸೇರಿದ್ದು ಕಸ ಗುಡಿಸಿ ಬಿಲ್ಲು ಬರೆಯಲು. ರಿಪೇರಿಯ ಹುಡುಗ ಗೋವೆಗೆ ಹೋದ ಮೇಲೆ, ಬಿಚ್ಚಿಟ್ಟ ಯಂತ್ರಗಳನ್ನು ಮುಚ್ಚುವವರು ಬೇರೆ ಯಾರೂ ಇರಲಿಲ್ಲ. ಮುಚ್ಚುತ್ತ ಮುಚ್ಚುತ್ತ ರೂಪಾ ಕೆಲಸ ಕಲಿತರು. ನಾಗ ಈಗ ದೋಣಿಗೆ ಹೋಗುತ್ತಾರೆ. ಇವರು ಬಸ್ಸಿಗೆ.

ಅವರಿಗೆ ಒಂದು ರೂಢಿಯಿದೆ. ಮೆನುವಿನಲ್ಲಿ ಕಂಪನಿ ಕೊಟ್ಟ ಹೆಸರನ್ನು ಉಳಿಸುವುದಿಲ್ಲ. ಡಿಸ್ಕಿನ ಆ ಪಾಲು ಯಾರದೋ ಅವರ ಹೆಸರು ಹಾಕುತ್ತಾರೆ. ಕನ್ನಡದ ಒತ್ತಕ್ಷರಗಳು ಅಲ್ಲಿ ಚೆಲ್ಲಾಪಿಲ್ಲಿಯಾಗುತ್ತವೆಂದು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. "ನಮ್ಮ ಅವ್ವಿ ಹೆಸ್ರು ಗಂಗಿ. ಯಾವ ಕಾಗದ ತೆಗೆದ್ರೂ ಬೊಮ್ಮುವಿನ ಹೆಂಡತಿ, ಬೊಮ್ಮುವಿನ ಹೆಂಡತಿ. ನಾ ಹಾಗೆ ಬರೆಯೂಳಲ್ಲ."

ಈ ರೂಢಿಯೇ ಒಂದು ಮನೆಯಲ್ಲಿ ಕಿಚ್ಚು ಹಚ್ಚಿತು.

ಮಲ್ಲಾಪುರ ಕಾಲೊನಿಯ ಕ್ವಾರ್ಟರ್ಸಿನಲ್ಲಿರುವ ಸಿಂಚನಾ ಶಿರಸಿಯ ಮುದ್ರಣಾಲಯವೊಂದಕ್ಕೆ ಮನೆಯಿಂದಲೇ ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ವಿನ್ಯಾಸ ಮಾಡುತ್ತಿದ್ದರು. ಮದುವೆಯಾದ ಮೇಲೆ ಕೈಗೆ ಬಂದ ಮೊದಲ ಕೆಲಸ. ಸಿನಿಮಾ ಇಡಲು ಜಾಗ ಸಾಲದೆಂದು ಗಂಡ ಸುಹಾಸ ಅದರ ಅರ್ಧ ಪುಟಗಳನ್ನು ಒಂದು ದಿನ ಅಳಿಸಿ ಹಾಕಿದ. ಆಮೇಲೆಯೇ ಸಿಂಚನಾ ರೂಪಾರಲ್ಲಿಗೆ ಬಂದದ್ದು. ರೂಪಾ ಅವರಿಗೊಂದು ಪ್ರತ್ಯೇಕ ಪಾಲು ಮಾಡಿ, ಬೀಗ ಹಾಕುವಂತೆ ಮಾಡಿ, ಮೆನುವಿನಲ್ಲಿ ಹೆಸರು ಬರೆದುಕೊಟ್ಟರು.

ಚೌತಿಯ ಮುಂಚೆ ಒಂದು ದಿನ ಸುಹಾಸ ಆ ಕಂಪ್ಯೂಟರನ್ನು ತಂದು ಮೇಜಿನ ಮೇಲೆ ಕುಕ್ಕಿದ.

"ಇದ್ರಲ್ಲಿ ನನ್ನ ಹೆಂಡ್ತಿ ಹೆಸರು ಯಾಕೆ ಬರ್ತದೆ?"

"ಆ ಪಾಲು ಅವ್ರದ್ದು ಸರ್."

"ಪಾಸ್‌ವರ್ಡ್ ಹೇಳು."

"ಅವ್ರೇ ಹಾಕಿದ್ದು. ನಾ ಆಚೆ ಮುಖ ಮಾಡಿ ನಿಂತಿದ್ದೆ."

"ಮಾಡಿದವಳು ನೀನು. ಇನ್ನೊಂದು ಕೀಲಿ ಇರ್ಲೇಬೇಕು."

"ಮನೆ ಕಟ್ಟಿದ ಮೇಸ್ತ್ರಿ ಕಿಸೆಯಲ್ಲಿ ನಿಮ್ಮನೆ ಬೀಗದಕೈ ಉಂಟಾ ಸರ್?"

"ಹಾಗಾದ್ರೆ ಅಳಿಸು. ಕಂಪ್ಯೂಟರ್ ತಗೊಂಡವ ನಾನು!"

"ಕಪಾಟು ತಕಂಡವ್ರೂ ನೀವೇ ಇರ್ಬಹುದು. ಅದ್ರೊಳಗಿನ ಅವ್ರ ಸೀರೆ ಹರಿಯೂಕೆ ನಂಗೆ ಹೇಳ್ಬೇಡಿ. ಅವ್ರೇ ಬಂದು ಹೇಳ್ಲಿ, ಅಳಿಸ್ತೆ."

ಸುಹಾಸ ಯಂತ್ರ ಎತ್ತಿಕೊಂಡು ಹೋದ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮಧುಕರ ಶೇಟರು ತಲೆ ಚಚ್ಚಿಕೊಂಡರು. "ಅಗೋ ರೂಪಾ, ಗಂಡ-ಹೆಂಡ್ತಿ ಜಗಳ ನಮಗೆ ಎಂತಕ್ಕೆ? ಒಬ್ರು ಮುನಿದ್ರೆ ಇಡೀ ಕಾಲೊನಿ ಮುನೀತದೆ. ಇನ್ನು ಹೆಸರು-ಗಿಸರು ಬೇಡ."

ರೂಪಾ ಮುಂದಿನ ಯಂತ್ರದ ಸ್ಕ್ರೂ ಬಿಚ್ಚತೊಡಗಿದರು. ಅಂದು ಇಡೀ ದಿನ ಅವರನ್ನು ತಿಂದದ್ದು ಶೇಟರ ಮಾತಲ್ಲ. ಹೆಸರು ಬರೆಯದಿದ್ದರೆ ಆ ಗಂಡಸಿನ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲವಲ್ಲ ಎಂಬ ಯೋಚನೆ. ಹೆಂಗಸೊಬ್ಬಳ ಹೆಸರು ಅವಳದೇ ಮನೆಯಲ್ಲಿ ಅವಳನ್ನು ಹಿಡಿದುಕೊಡುತ್ತದೆ ಎಂದರೆ, ತಪ್ಪು ಬರೆದವಳದ್ದೇ?

ವಾರ ಕಳೆದು ಸಿಂಚನಾ ಬಂದರು. ಹಳೆಯ ಹೊದಿಕೆಯಲ್ಲಿ ಕಂಪ್ಯೂಟರ್ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು.

"ಹೋಯ್ತು ರೂಪಕ್ಕಾ. ಮನೆಯವರು ಬೇರೆ ಅಂಗಡಿಯಲ್ಲಿ ವಿಂಡೋಸ್ ಹೊಸದು ಹಾಕಿಸಿದ್ರು. ಆನ್ ಮಾಡಿದ್ರೆ ಸೀದಾ ಅವರದ್ದೇ ಬರ್ತದೆ."

ರೂಪಾ ಡಿಸ್ಕು ತೆರೆದು ನೋಡಿದರು. ಹಳೆಯ ವಿಂಡೋಸ್ ಇದ್ದ ಜಾಗದಲ್ಲಿ ಹೊಸದು ಕೂತಿತ್ತು, ಅಷ್ಟೆ. ವಿಂಡೋಸಿನ ಜಾಯಮಾನವೇ ಹಾಗೆ: ಆಮೇಲೆ ಬಂದರೂ ಹೆಬ್ಬಾಗಿಲನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತದೆ, ಪಕ್ಕದಲ್ಲಿ ಯಾರೂ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ. ಮೆನು ಕಾಣದಿದ್ದಾಗ ಸುಹಾಸನೂ ಆ ಅಂಗಡಿಯವನೂ ಎಲ್ಲ ಅಳಿಯಿತೆಂದು ತಿಳಿದರು.

"ಕಣ್ಣು ಒರ್ಸ್ಕಣಿ ತಂಗೀ. ನಿಮ್ದು ಇದ್ದಲ್ಲೇ ಉಂಟು. ಬಾಗಿಲು ಮಾತ್ರ ಮುಚ್ಚಿ ಹೋಗಿದ್ದು."

ಸಿಂಚನಾ ಪಾಸ್‌ವರ್ಡ್ ಒತ್ತಿದರು. ಪುಟಗಳು ಒಂದೊಂದಾಗಿ ತೆರೆದುಕೊಂಡವು. ಮೆನು ಮತ್ತೆ ಬರುವಂತೆ ಮಾಡಲು ಹೊರಟ ರೂಪಾರ ಕೈಯನ್ನು ಅವರು ಹಿಡಿದರು.

"ಬೇಡ ರೂಪಕ್ಕಾ. ಅಳಿಸಿ ಹೋಗಿದೆ ಅಂತ್ಲೇ ಅವರು ತಿಳ್ಕೊಂಡಿರ್ಲಿ. ಪುಸ್ತಕ ಮುಗಿಯೂವರೆಗೆ."

ಸಿಂಚನಾ ಹೇಳಿದಂತೆ ರೂಪಾ ಮಾಡಿಕೊಟ್ಟರು. ಒಂದು ಪೆನ್‌ಡ್ರೈವ್ ಚುಚ್ಚಿದರೆ ಸಿಂಚನಾರ ಪಾಲು ತೆರೆಯುತ್ತದೆ, ತೆಗೆದರೆ ಏನೂ ಇಲ್ಲ. ಹೆಸರೂ ಇಲ್ಲ. ಇಷ್ಟು ವರ್ಷದಲ್ಲಿ ಅವರು ಹೆಸರು ಬರೆಯದೆ ಕೊಟ್ಟ ಮೊದಲ ಯಂತ್ರ ಅದು. "ಕೆಲ್ಸ ಸರಿಯಾಗೇ ಆಯ್ತು. ಆದ್ರೆ ಹೆಸ್ರಿಲ್ದೆ ಕೊಡೂಕೆ ಮನಸ್ಸು ಬರ್ಲಿಲ್ಲ. ಪೆನ್‌ಡ್ರೈವ್ ಎಲ್ಲಿಡ್ತ್ರಿ ಕೇಳ್ದೆ. ಅಕ್ಕಿ ಡಬ್ಬದಲ್ಲಿ ಅಂದ್ರು."

ದೀಪಾವಳಿ ಮುಗಿದ ಮೇಲೆ ಸಿಂಚನಾ ಮತ್ತೆ ಬಂದರು; ಕೈಯಲ್ಲಿ ಕಂಪ್ಯೂಟರ್, ಚೀಲದಲ್ಲಿ ಅಚ್ಚಾದ ಪುಸ್ತಕ. ಮೊದಲ ಪುಟ ತಿರುವಿದರೆ ಪುಟವಿನ್ಯಾಸ ಎಂಬುದರ ಮುಂದೆ ಅವರ ಹೆಸರಿದೆ.

"ಅವರಿಗೆ ತೋರ್ಸ್ದೆ. ಎಲ್ಲಿ ಮಾಡ್ದೆ ಅಂತ ಕೂಗಾಡಿದ್ರು. ಇದ್ರಲ್ಲೇ, ನಿಮ್ಮ ಪಕ್ಕದಲ್ಲೇ ಅಂದೆ. ಇನ್ನು ಬಾಗಿಲು ಹೊರಗೇ ಇರ್ಲಿ ರೂಪಕ್ಕಾ, ಹೆಸರು ಹಾಕಿ."

ರೂಪಾ ಗಲ್ಲಾಪೆಟ್ಟಿಗೆಯ ಕಡೆ ನೋಡಿದರು. ಶೇಟರು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, "ಹಾಕು ಮಾರಾಯ್ತಿ, ನಾ ಬೇಡ ಅಂದ್ರೆ ನೀ ಕೇಳ್ತ್ಯಾ?" ಎಂದರು.

ಈಗ ಸಮಾಧಾನವಾಯಿತೇ ಎಂದು ಕೇಳಿದರೆ ರೂಪಾರ ಹುಬ್ಬು ಗಂಟಾಗುತ್ತದೆ.

"ಎಂತ ಸಮಾಧಾನ? ತನ್ನ ಮನೇಲೇ ಆ ಹುಡ್ಗಿ ಅಷ್ಟು ದಿನ ಕಳ್ಳಿ ಹಾಗೆ ಕೂತು ಕೆಲ್ಸ ಮಾಡ್ತು. ಅದು ನೆನೆದ್ರೆ ಈಗ್ಲೂ ಮೈ ಉರೀತದೆ. ಮೊನ್ನೆ ಇನ್ನೊಬ್ಳು ಬಂದಿದ್ಲು, ಸಣ್ಣ ದನಿಯಲ್ಲಿ, ಮನೇಲಿ ಯಾರಿಗೂ ಗೊತ್ತಾಗದ ಹಾಗೆ ಮಾಡ್ಕೊಡಿ ಅಂತ. ಮಾಡ್ಕೊಟ್ಟೆ. ಚೊಲೋ ಮಾಡ್ಕೊಟ್ಟೆ. ಆದ್ರೆ ಈ ಒಂದು ಕೆಲ್ಸ ಮಾತ್ರ ನನ್ನ ಹತ್ರ ಯಾರೂ ಕೇಳ್ದೇ ಇರೂ ದಿನ ಬರ್ಲಿ. ಆವತ್ತೊಂದಿನ ನಾ ನೆಮ್ಮದಿಯಿಂದ ನಿದ್ದೆ ಮಾಡಿ ಎರಡನೇ ಬಸ್ಸಿಗೆ ಬತ್ತೆ."