ಘಾಜಿಯಾಬಾದಿನಲ್ಲಿ ಗೆಲುವು, ಕಿದ್ವಾಯಿ ನಗರದಲ್ಲಿ ಸೋಲು

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಹೊಡೆದಾಟ ಕಲಿಯಲು ಹೊರಟೆ ಎಂದರೆ ನನ್ನ ಕಚೇರಿಯವರು ನಂಬಲಿಕ್ಕಿಲ್ಲ. ಫೈಲಿನ ಮೇಲೆ ಖಾರವಾದ ಷರಾ ಬರೆಯಬೇಕಾದರೂ ಎರಡು ಸಲ ಯೋಚಿಸುವ ಸೆಕ್ಷನ್ ಆಫೀಸರ್ ನಾನು. ಹೊಡೆದಾಟವೆಂದರೆ ಬೀದಿಯದಲ್ಲ, ಟಿ.ವಿ. ಪರದೆಯ ಮೇಲಿನದು. ಇಬ್ಬರು ಆಳುಗಳು ಎದುರುಬದುರು ನಿಂತಿರುತ್ತಾರೆ. ಒಬ್ಬನನ್ನು ನಾನು ಆಡಿಸಬೇಕು, ಇನ್ನೊಬ್ಬನನ್ನು ಎದುರಾಳಿ. ಪರದೆಯ ಮೇಲ್ತುದಿಯಲ್ಲಿ ಇಬ್ಬರಿಗೂ ಒಂದೊಂದು ಹಳದಿ ಪಟ್ಟಿ. ಏಟು ಬಿದ್ದಂತೆಲ್ಲ ಪಟ್ಟಿ ಕುಗ್ಗುತ್ತದೆ, ಮುಗಿದರೆ ಆಳು ಬಿದ್ದ. ಯಾರೂ ಬೀಳದೆ ಗಡಿಯಾರದ ಎಣಿಕೆ ಮುಗಿದರೆ ಯಾರ ಪಟ್ಟಿ ಹೆಚ್ಚು ಉಳಿದಿದೆಯೋ ಅವರು ಗೆದ್ದಂತೆ. ಇಷ್ಟೇ ಆಟ. ಇಷ್ಟೇ ಎಂದುಕೊಂಡು ಕೈಹಾಕಿದೆ.

ಕೈಹಾಕಿಸಿದವರು ನನ್ನ ಷಡ್ಡಕ. ಹೆಂಡತಿಯ ಅಕ್ಕನ ಗಂಡ. ಹೆಂಡತಿ ಕರೆಯುವಂತೆ ನಾನೂ ಅವರನ್ನು ಭಾವ ಎಂದೇ ಕರೆಯುತ್ತೇನೆ. ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಮನೆ ಘಾಜಿಯಾಬಾದಿನಲ್ಲಿ. ಅವರ ಮಗಳು ಓದಲೆಂದು ಪುಣೆಯ ಹಾಸ್ಟೆಲಿಗೆ ಹೋಗುವಾಗ ತನ್ನ ಆಟದ ಯಂತ್ರವನ್ನು ಮನೆಯಲ್ಲೇ ಬಿಟ್ಟು ಹೋದಳು. ಭಾವ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದರು. ಒರೆಸುತ್ತ ಒರೆಸುತ್ತ ಒಂದು ದಿನ ಆನ್ ಮಾಡಿದರು. ಆಮೇಲೆ ಒರೆಸುವುದು ನಿಂತಿತು.

ಅವರು ಆರಿಸಿಕೊಂಡದ್ದು ಗೂಳಿಯಂಥ ಒಬ್ಬ ಕುಸ್ತಿಪಟುವನ್ನು. ನಾನು ಆರಿಸಿಕೊಂಡದ್ದು ಬೂದು ಜಡೆಯ, ಕೈಯಲ್ಲಿ ಕೋಲು ಹಿಡಿದ ಮುದುಕನನ್ನು. ಕೋಲು ಉದ್ದವಿದೆ, ದೂರದಿಂದಲೇ ಹೊಡೆಯಬಹುದು ಎಂಬ ಲೆಕ್ಕಾಚಾರ. "ನಿಮ್ಮ ಸ್ವಭಾವಕ್ಕೆ ತಕ್ಕವನನ್ನೇ ಹುಡುಕಿದ್ದೀರಿ," ಎಂದರು ಭಾವ, "ಯಾರ ಹತ್ತಿರಾನೂ ಹೋಗೋ ಹಾಗಿಲ್ಲ."

ಪುಣೆಯಿಂದ ಮಗಳು ಫೋನಿನಲ್ಲೇ ನಮಗೆ ದೀಕ್ಷೆ ಕೊಟ್ಟಳು. "ಚಿಕ್ಕಪ್ಪ, ನೀವಿಬ್ರೂ ಕ್ಯಾಶುವಲ್ ಮ್ಯಾಚ್ ಆಡಿ. ಬಹುತ್ ಸಾರೇ, ಎಷ್ಟಾಗುತ್ತೋ ಅಷ್ಟು. ಗೆದ್ದೆ ಸೋತೆ ಅಂತ ಲೆಕ್ಕ ಇಡಬೇಡಿ. ಅದ್ರಿಂದಾನೇ ಇಂಪ್ರೂವ್ ಆಗೋದು."

"ಗೆಲ್ಲೋ ಯೋಚನೆ ಇಲ್ದೆ ಹೊಡೆಯೋದು ಹೇಗಮ್ಮ?"

"ಅರೇ, ಪ್ರಾಕ್ಟೀಸ್ ಹೈ ನಾ ಚಿಕ್ಕಪ್ಪ! ಅಪ್ಪಂಗೂ ಹೇಳಿ."

ಅಪ್ಪನಿಗೂ ಹೇಳಿದೆ. ನಾನೂ ಒಂದು ಹಳೆಯ ಯಂತ್ರ ಕೊಂಡು ತಂದೆ. ಒಂದು ಶನಿವಾರ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಅವರು, ಮುಂದಿನ ಶನಿವಾರ ಘಾಜಿಯಾಬಾದಿಗೆ ನಾನು. ಊಟ, ಆಮೇಲೆ ಹತ್ತು ಪಂದ್ಯ, ಆಮೇಲೆ ಕಾಫಿ. ಹೀಗೆ ಎಂಟು ತಿಂಗಳು ಆಡಿದೆವು.

ಈ ನಡುವೆ ಪೀತಮ್‌ಪುರದಲ್ಲಿ ಒಂದು ಅಂಗಡಿಯ ನೆಲಮಾಳಿಗೆಯಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಪಂದ್ಯಾವಳಿ ನಡೆಯುತ್ತದೆಂದು ಗೊತ್ತಾಯಿತು. ಪಂದ್ಯವೊಂದಕ್ಕೆ ಮೂರು ಆಟ, ಎರಡು ಗೆದ್ದವರಿಗೆ ಪಂದ್ಯ. ಒಂದು ಪಂದ್ಯ ಸೋತರೆ ಮನೆಗೆ. ಹೋದೆವು. ಅಲ್ಲಿದ್ದವರೆಲ್ಲ ನಮ್ಮ ಮಕ್ಕಳ ವಯಸ್ಸಿನವರು. ನಮ್ಮನ್ನು ನೋಡಿ ಯಾರೋ ಪೋಷಕರು ಮಕ್ಕಳನ್ನು ಕರೆದೊಯ್ಯಲು ಬಂದಿದ್ದಾರೆಂದುಕೊಂಡು ಕುರ್ಚಿ ಕೊಟ್ಟರು. ಮೊದಲ ಸುತ್ತಿನಲ್ಲೇ ಸೋತೆ. ಮರುತಿಂಗಳೂ ಸೋತೆ. ಐದು ಸಲ ಹೋದೆ, ಐದು ಸಲವೂ ಮೊದಲ ಸುತ್ತಿನಲ್ಲೇ ಸೋತೆ.

ಅಷ್ಟರಲ್ಲಿ ಗುವಾಹಟಿಗೆ ವರ್ಗದ ಆದೇಶ ಬಂತು. ಹುಟ್ಟಿದಾಗಿನಿಂದ ದೆಹಲಿ ಬಿಟ್ಟು ಬೇರೆಲ್ಲೂ ಇರದ ನನಗೆ ಹೊರಡಲು ಉಳಿದದ್ದು ಎರಡೂವರೆ ತಿಂಗಳು, ಎಂದರೆ ಎರಡು ಭಾನುವಾರದ ಪಂದ್ಯ. ಬೇರೆ ಯಾವ ಆಸೆಯೂ ಇರಲಿಲ್ಲ. ಹೋಗುವ ಮುಂಚೆ ಆ ನೆಲಮಾಳಿಗೆಯಲ್ಲಿ ಒಂದೇ ಒಂದು ಪಂದ್ಯ ಗೆಲ್ಲಬೇಕು. ಒಂದೇ ಒಂದು.

ಭಾವನ ಮಗಳು ಇಡಬೇಡಿ ಎಂದಿದ್ದ ಲೆಕ್ಕವನ್ನು ನಾನು ಆಗಲೇ ತೆಗೆದು ನೋಡಿದ್ದು. ಸರ್ಕಾರಿ ನೌಕರನ ಕೈ, ಬರೆದಿಡದೆ ಇರಲಾಗಿರಲಿಲ್ಲ. ನೋಡಿದರೆ ತಲೆ ಕೆಟ್ಟುಹೋಯಿತು. ಘಾಜಿಯಾಬಾದಿನಲ್ಲಿ ಹತ್ತಕ್ಕೆ ಏಳು, ಎಂಟು ಗೆದ್ದಿದ್ದೇನೆ. ಕಿದ್ವಾಯಿ ನಗರದಲ್ಲಿ ಹತ್ತಕ್ಕೆ ಎರಡು, ಮೂರು. ವಾರ ಬಿಟ್ಟು ವಾರ, ಎಂಟು ತಿಂಗಳೂ ಹೀಗೆಯೇ. ಅದೇ ಮುದುಕ, ಅದೇ ಕೋಲು, ಅದೇ ಗೂಳಿ.

ಕುರ್ಚಿಯ ಎತ್ತರ ಬೇರೆ ಇರಬಹುದೆಂದು ಮನೆಯಲ್ಲಿ ದಿಂಬಿಟ್ಟುಕೊಂಡು ಕೂತೆ. ಅವರ ಟಿ.ವಿ. ದೊಡ್ಡದು, ಅದಕ್ಕಿರಬೇಕೆಂದು ನಮ್ಮ ಟಿ.ವಿ.ಗೆ ಇನ್ನಷ್ಟು ಹತ್ತಿರ ಕೂತೆ. "ಅಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರ್ತೀರಿ, ಇಲ್ಲಿ ದಕ್ಷಿಣಕ್ಕೆ," ಎಂದಳು ಹೆಂಡತಿ. ಟಿ.ವಿ. ತಿರುಗಿಸಿದೆವು. ಆ ಶನಿವಾರ ಹತ್ತಕ್ಕೆ ಹತ್ತೂ ಸೋತೆ.

ಎರಡರಲ್ಲಿ ಮೊದಲ ಭಾನುವಾರ ಬಂತು. ಭಾವನಿಗೆ ಅಂದು ಕಾರ್ಖಾನೆಯಲ್ಲಿ ಪಾಳಿ, ಒಬ್ಬನೇ ಹೋದೆ. ನನ್ನ ಎದುರಾಳಿ ಕಾಲೇಜಿನ ಹುಡುಗಿಯೊಬ್ಬಳು. ನಂಬಿದರೆ ನಂಬಿ, ಅವಳ ಪಟ್ಟಿ ಉಗುರಿನಷ್ಟು ಉಳಿಯುವವರೆಗೂ ಹೊಡೆದೆ. ಇನ್ನೊಂದು ಏಟು ಬೇಕಿತ್ತು. ಆಮೇಲೆ ಏನಾಯಿತೋ, ಅವಳೇ ಹೊಡೆದು ಹೊಡೆದು ನನ್ನನ್ನು ಮಲಗಿಸಿದಳು. ಎರಡು ಆಟದಲ್ಲೂ ಹಾಗೆಯೇ.

ಅವಳು ಗೆದ್ದ ಖುಷಿಯಲ್ಲಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. "ಅಂಕಲ್‌ಜೀ, ಲಾಸ್ಟ್ ಹಿಟ್ ಕ್ಯೋಂ ನಹೀ ಮಾರಾ?"

"ಮಾರಾ ತೋ," ಹೊಡೆದೆನಲ್ಲ, ಎಂದೆ.

"ನಹೀ ಮಾರಾ. ಆಪ್ ರುಕ್ ಗಯೇ." ಹೊಡೆಯದೆ ನಿಂತುಬಿಟ್ಟೆನಂತೆ. ಮೂಲೆಯ ಮೇಜಿನ ಮೇಲೆ ಇನ್ನೊಂದು ಯಂತ್ರವಿತ್ತು, ಸೋತವರು ಸುಮ್ಮನೆ ಆಡಿಕೊಳ್ಳಲಿಕ್ಕೆ. ತನ್ನ ಮುಂದಿನ ಪಂದ್ಯದವರೆಗೂ ಅಲ್ಲಿ ಕೂರಿಸಿಕೊಂಡು ಆರು ಪಂದ್ಯ ಆಡಿದಳು. ಪ್ರತಿ ಸಲವೂ ತನ್ನ ಪಟ್ಟಿ ಉಗುರಿನಷ್ಟಾದಾಗ "ಅಬ್ ದೇಖಿಯೇ" ಎಂದು ನನ್ನ ಬೆರಳು ತೋರಿಸುತ್ತಿದ್ದಳು. ನೋಡಿದೆ. ನನ್ನ ಹೆಬ್ಬೆರಳು ಗುಂಡಿಯಿಂದ ಮೇಲೆದ್ದು, ಬಿಸಿ ತಪ್ಪಲೆ ಮುಟ್ಟಿದಂತೆ ಗಾಳಿಯಲ್ಲಿ ನಿಂತಿತ್ತು. ನಾನು ನಿಲ್ಲಿಸಿದ್ದಲ್ಲ. ಅದಾಗಿಯೇ ನಿಂತಿತ್ತು.

ಮೆಟ್ರೋದಲ್ಲಿ ಕಾಶ್ಮೀರಿ ಗೇಟ್ ಬರುವಷ್ಟರಲ್ಲಿ ನನಗೆ ಅಜ್ಜ ನೆನಪಾದರು.

ನನಗೆ ಕನ್ನಡ ಕಲಿಸಿದ್ದು ಅಜ್ಜ ಅಜ್ಜಿ. ಅಪ್ಪ ಅಮ್ಮ ಇಬ್ಬರೂ ಕಚೇರಿಗೆ ಹೋದರೆ ಕ್ವಾರ್ಟರ್ಸಿನಲ್ಲಿ ನಾವು ಮೂವರೇ. ಆಗೆಲ್ಲ ಊರ ಕಡೆಯಿಂದ ಸಂದರ್ಶನಕ್ಕೋ, ಬದರಿ ಯಾತ್ರೆಗೋ ಹೊರಟವರು ನಮ್ಮಲ್ಲೇ ಇಳಿಯುತ್ತಿದ್ದರು. ಊಟವಾದ ಮೇಲೆ ಅಜ್ಜ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕವಡೆ ಹಾಕುತ್ತಿದ್ದರು. ಬಂದವರೇ ಗೆಲ್ಲುತ್ತಿದ್ದರು, ಯಾವಾಗಲೂ. ಒಂದು ಸಲ ನಾನು ಅತಿಥಿಯೊಬ್ಬರ ಕೊನೆಯ ಕಾಯಿಯನ್ನು ಹೊಡೆದುಬಿಟ್ಟಾಗ ಅಜ್ಜ ನನ್ನನ್ನು ಅಡಿಗೆಮನೆಗೆ ಕರೆದು, "ಊಟ ಹಾಕಿ ಸೋಲಿಸಿ ಕಳಿಸ್ತಾರೇನೋ ಯಾರಾದ್ರೂ? ಅವರು ರೈಲಲ್ಲಿ ಎರಡು ದಿನ ಅದನ್ನೇ ನೆನೆಸ್ಕೊಂಡು ಹೋಗ್ಬೇಕಾ?" ಎಂದಿದ್ದರು.

ಹಾಗಾದರೆ ಎಂಟು ತಿಂಗಳಿಂದ ಕಿದ್ವಾಯಿ ನಗರದಲ್ಲಿ ನಾನು ಮಾಡುತ್ತಿದ್ದದ್ದು ಅಭ್ಯಾಸವಲ್ಲ, ಸತ್ಕಾರ. ಅಲ್ಲ, ಅಭ್ಯಾಸವೇ. ಕೊನೆಯ ಏಟಿಗೆ ಕೈ ಎತ್ತುವುದನ್ನು ನೂರಾರು ಸಲ ಅಭ್ಯಾಸ ಮಾಡಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಘಾಜಿಯಾಬಾದಿನ ಗೆಲುವುಗಳಾದರೂ ನನ್ನವು ಎಂದುಕೊಂಡು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿದಳು. ಅಕ್ಕ ನಕ್ಕ ನಗೆ ಈಗಲೂ ಕಿವಿಯಲ್ಲಿದೆ.

"ಅಯ್ಯೋ, ನಿಮ್ಮ ಭಾವ ಶನಿವಾರ ಬೆಳಿಗ್ಗೆನೇ ಹೇಳ್ತಾರಲ್ಲೇ! ಇವತ್ತು ಅವರು ಬರ್ತಾರೆ, ಗೆಲ್ಲಿಸಿ ಕಳಿಸ್ಬೇಕು, ಪಾಪ ಅಷ್ಟು ದೂರದಿಂದ ಬರ್ತಾರೆ ಅಂತ. ಎರಡು ಮೂರು ತಾನು ಗೆದ್ರೆ ಅನುಮಾನ ಬರಲ್ಲ ಅಂತೆ."

ಎರಡು ಮೂರು. ನನ್ನ ಲೆಕ್ಕದ ಪುಸ್ತಕದಲ್ಲಿದ್ದದ್ದೂ ಅದೇ. ನಾನೂ ಅನುಮಾನ ಬಾರದಿರಲೆಂದು ಎರಡು ಮೂರು ಗೆಲ್ಲುತ್ತಿದ್ದೆನೋ? ಯೋಚಿಸಿ ಮಾಡಿದ್ದಲ್ಲ. ಆದರೆ ಬೆರಳು ಯೋಚಿಸಿತ್ತೋ ಏನೋ. ಯಾರು ಒಳ್ಳೆಯ ಆಟಗಾರ ಎಂಬುದು ನಮ್ಮಿಬ್ಬರಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಎರಡು ಮನೆಗಳಲ್ಲಿ ಇರಲಿಲ್ಲ.

ಭಾವನಿಗೆ ಫೋನ್ ಮಾಡಿದೆ. ಇಬ್ಬರೂ ಸ್ವಲ್ಪ ಹೊತ್ತು ನಾಚಿಕೊಂಡೆವು. ಕಡೆಗೆ, ಇನ್ನು ಮುಂದೆ ಯಾರ ಮನೆಯೂ ಬೇಡ, ಪೀತಮ್‌ಪುರದ ಆ ಮೂಲೆಯ ಮೇಜಿನಲ್ಲೇ ಆಡೋಣ ಎಂದಾಯಿತು. ಶನಿವಾರ ಅಲ್ಲಿ ಕೂತೆವು. ಮೊದಲ ಪಂದ್ಯ ಗೆದ್ದೆ. ಎರಡನೆಯದೂ ಗೆದ್ದೆ. ಮೂರನೆಯದರಲ್ಲಿ ಗೂಳಿ ಸುಮ್ಮನೆ ನಿಂತದ್ದು ಕಂಡಿತು.

"ಭಾವ, ಇದು ಯಾರ ಮನೇನೂ ಅಲ್ಲ."

"ಅಲ್ಲ ಅಂದ್ರೆ ಹೇಗೆ? ನಾನು ಮೆಟ್ರೋ ರೆಡ್ ಲೈನ್‌ನಲ್ಲಿ ಕೂತ್ರೆ ನೇರ ಇಲ್ಲೇ ಇಳೀತೀನಿ. ನೀವು ಲೈನ್ ಬದಲಾಯಿಸಿ ಬರ್ತೀರಿ. ಒಂಥರಾ ನೀವೇ ಬಂದವರು."

"ಹಂಗಾದ್ರೆ ದೆಹಲಿ ನಂದು, ನೀವು ಗಡಿ ದಾಟಿ ಉತ್ತರ ಪ್ರದೇಶದಿಂದ ಬಂದವರು."

ಪಕ್ಕದ ಮೇಜಿನ ಹುಡುಗರು ನಾವು ಆಸ್ತಿಗೆ ಜಗಳವಾಡುತ್ತಿದ್ದೇವೆಂದುಕೊಂಡು ತಮ್ಮ ಆಟ ನಿಲ್ಲಿಸಿ ನೋಡಿದರು. ಕೊನೆಗೆ ಕರಾರು ಮಾಡಿಕೊಂಡೆವು: ಒಬ್ಬರು ಇನ್ನೊಬ್ಬರಿಗೆ ಚಹಾ ಕೊಡಿಸಬಾರದು, ತಿಂಡಿ ತರಬಾರದು, ಕುರ್ಚಿ ಎಳೆದು ಕೊಡಬಾರದು. ತಿನ್ನಿಸಿದವನು ಆತಿಥೇಯನಾಗುತ್ತಾನೆ, ಆಮೇಲೆ ಅವನ ಕೈ ನಿಲ್ಲುತ್ತದೆ.

ನೀರನ್ನೂ ಹಂಚಿಕೊಳ್ಳದೆ ನಾಲ್ಕು ಶನಿವಾರ ಆಡಿದೆವು. ಮೊದಮೊದಲು ಕೊನೆಯ ಏಟು ಹೊಡೆಯುವಾಗ "ಕ್ಷಮಿಸಿ ಭಾವ" ಎನ್ನುತ್ತಿದ್ದೆ. ಎರಡನೆಯ ಶನಿವಾರ ಅದು ಬಾಯಲ್ಲೇ ಉಳಿಯಿತು. ಮೂರನೆಯದಕ್ಕೆ ಬೆರಳು ನಿಲ್ಲದೆ ಹೋಯಿತು. ಅವರೂ ಹೊಡೆದರು, ನಿಜವಾಗಿ, ಗೂಳಿಯಂತೆ. ಒಂದು ವಾರ ಅವರದು ಆರು, ನನ್ನದು ನಾಲ್ಕು. ಇನ್ನೊಂದು ವಾರ ತಿರುಗುಮುರುಗು. ಎಂಟು ತಿಂಗಳಲ್ಲಿ ಕಲಿಯದ್ದನ್ನು ನಾಲ್ಕು ವಾರದಲ್ಲಿ ಕಲಿತೆ. ಅವರ ಗೂಳಿ ನುಗ್ಗುವ ಮುಂಚೆ ಅರ್ಧ ಹೆಜ್ಜೆ ಹಿಂದಿಡುತ್ತದೆ ಎಂಬುದೂ ಆಗಲೇ ನನ್ನ ಕಣ್ಣಿಗೆ ಬಿದ್ದದ್ದು.

ಕೊನೆಯ ಭಾನುವಾರ. ಮನೆಯಲ್ಲಿ ಅರ್ಧ ಸಾಮಾನು ಪೆಟ್ಟಿಗೆ ಸೇರಿತ್ತು. ನೆಲಮಾಳಿಗೆಯ ಬಾಗಿಲಲ್ಲೇ ಭಾವ ನಿಂತಿದ್ದರು, ಹೆಗಲ ಚೀಲದಿಂದ ಒಂದು ಫ್ಲಾಸ್ಕ್ ತೆಗೆದರು.

"ಕಾಫಿ. ನಿಮ್ಮಕ್ಕ ಕಳಿಸಿದ್ದು."

"ಕರಾರು?"

"ನಾನು ತಂದದ್ದಷ್ಟೇ. ಕೊಟ್ಟದ್ದು ಅವಳು. ಕುಡೀರಿ, ಇನ್ನು ಗುವಾಹಟಿಯಲ್ಲಿ ನಿಮಗೆ ಯಾರು ಡಿಕಾಕ್ಷನ್ ಇಳಿಸಿ ಕೊಡ್ತಾರೆ?"

ಕುಡಿದೆ. ಒಳ್ಳೆಯ ಕಾಫಿ. ಒಳಗೆ ಹೋದೆವು, ಚೀಟಿ ಎತ್ತಿದರು. ಮೊದಲ ಸುತ್ತಿನಲ್ಲಿ ನನ್ನ ಎದುರಾಳಿ ಯಾರೆಂದು ಗೋಡೆಯ ಮೇಲೆ ಬರೆದರು. ಭಾವ.

ಮೊದಲ ಆಟ ನನ್ನದು, ಎರಡನೆಯದು ಅವರದು. ಮೂರನೆಯದು ಉಳಿಯಿತು. ಆ ಕಾಲೇಜಿನ ಹುಡುಗಿ ನಮ್ಮ ಹಿಂದೆಯೇ ನಿಂತಿದ್ದಳು. "ಮಾರಿಯೇ ಅಂಕಲ್‌ಜೀ!" ಯಾವ ಅಂಕಲ್‌ಗೆ ಹೇಳಿದಳೋ. ಕೋಲೂ ಗೂಳಿಯೂ ಹೊಡೆದಾಡಿ ಹೊಡೆದಾಡಿ ಇಬ್ಬರ ಪಟ್ಟಿಯೂ ಉಗುರಿನಷ್ಟಾಯಿತು. ನನ್ನದು ಕೂದಲಿನಷ್ಟು ಹೆಚ್ಚು. ಗಡಿಯಾರದಲ್ಲಿ ಒಂಬತ್ತು ಎಣಿಕೆ ಬಾಕಿ. ಒಂದು ಏಟು ಯಾರದು ಬಿದ್ದರೂ ಮುಗಿಯಿತು.

ಗೂಳಿ ಅರ್ಧ ಹೆಜ್ಜೆ ಹಿಂದಿಟ್ಟಿತು. ಈಗ ನುಗ್ಗುತ್ತದೆ ಎಂದು ಕಾದೆ. ನುಗ್ಗಲಿಲ್ಲ. ನಾನೂ ಹೊಡೆಯಲಿಲ್ಲ. ಏಳು, ಆರು, ಐದು. ಹಿಂದೆ ಎಲ್ಲರೂ ಕೂಗುತ್ತಿದ್ದರು. ಇಬ್ಬರು ಆಳುಗಳೂ ಬಾಗಿಲಲ್ಲಿ "ನೀವು ಮೊದಲು, ನೀವು ಮೊದಲು" ಎಂದು ನಿಂತವರಂತೆ ನಿಂತೇ ಇದ್ದರು. ಎಣಿಕೆ ಸೊನ್ನೆಯಾಯಿತು. ಪರದೆಯ ಮೇಲೆ ಮುದುಕ ಕೋಲೆತ್ತಿ ಕುಣಿದ.

ಗೋಡೆಯ ಮೇಲೆ ನನ್ನ ಹೆಸರಿನ ಮುಂದೆ ಗುರುತು ಹಾಕಿದರು. ಎರಡನೆಯ ಸುತ್ತಿನಲ್ಲಿ ನಾನು ಬೇಗ ಸೋತದ್ದು ಇಲ್ಲಿ ಮುಖ್ಯವಲ್ಲ.

ನಿಲ್ದಾಣದ ಮೆಟ್ಟಿಲಲ್ಲಿ ಕೇಳಿಯೇಬಿಟ್ಟೆ. "ಭಾವ, ನಿಜ ಹೇಳಿ. ಬಿಟ್ಟುಕೊಟ್ರಾ?"

"ಇಲ್ಲರೀ. ಒತ್ತಿದೆ. ಬೀಳಲಿಲ್ಲ."

"ಒತ್ತಿದ್ರೆ ಆಳು ಕದಲಬೇಕಿತ್ತಲ್ಲ?"

"ಅದೇ ನನಗೂ ಗೊತ್ತಾಗ್ತಿಲ್ಲ. ನೀವು ಯಾಕೆ ಹೊಡೀಲಿಲ್ಲ?"

ಪಟ್ಟಿ ನನ್ನದೇ ಹೆಚ್ಚಿತ್ತು, ಕಾದರೆ ಗೆಲುವು ನನ್ನದೇ ಎಂಬ ಲೆಕ್ಕ ಹಾಕಿ ಸುಮ್ಮನಿದ್ದೆ ಎನ್ನಬಹುದಿತ್ತು. ಅದು ಜಾಣತನವಾಗುತ್ತಿತ್ತು. ಆದರೆ ಆ ಒಂಬತ್ತು ಎಣಿಕೆಯಲ್ಲಿ ಪಟ್ಟಿ ನೋಡಿದ ನೆನಪು ನನಗಿಲ್ಲ. ನನ್ನ ಹೆಬ್ಬೆರಳು ಎಲ್ಲಿತ್ತು ಎಂಬುದೂ ನೆನಪಿಲ್ಲ. ಅದನ್ನು ನೋಡಿರಬಹುದಾದವಳು ಹಿಂದೆ ನಿಂತಿದ್ದ ಆ ಹುಡುಗಿಯೊಬ್ಬಳೇ. ಅವಳನ್ನು ಕೇಳಲು ಧೈರ್ಯವಾಗದೆ ಬಂದುಬಿಟ್ಟಿದ್ದೆ.

"ಕಾಫಿ ಹೇಗಿತ್ತು?" ಎಂದರು ಭಾವ, ಲೈನ್ ಬದಲಾಯಿಸಲು ನಾನು ಕಾಶ್ಮೀರಿ ಗೇಟಿನಲ್ಲಿ ಇಳಿಯಲು ಎದ್ದಾಗ.

"ಚೆನ್ನಾಗಿತ್ತು."

"ಫ್ಲಾಸ್ಕ್ ನೀವೇ ಇಟ್ಕೊಳ್ಳಿ. ಇನ್ನೂ ಒಂದು ಲೋಟ ಇದೆ."

ಮನೆಗೆ ಬಂದಾಗ ಹೆಂಡತಿ ಪಾತ್ರೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು. ತಲೆಯೆತ್ತದೆ ಕೇಳಿದಳು, "ಗೆದ್ರಾ?"

ನಾನು ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಅವಳಿಗೂ ನನಗೂ ಅರ್ಧರ್ಧ ಬಗ್ಗಿಸಿದೆ. ಇನ್ನೂ ಬಿಸಿಯಿತ್ತು.

"ಗೆದ್ದೆ ಅಂತ ಗೋಡೆ ಮೇಲೆ ಬರೆದಿದ್ದಾರೆ," ಎಂದೆ.