ಒಂಬತ್ತು ಬಾವಿಗಳ ಚಾರ್ಜ್

ನಮ್ಮ ಅಚ್ಚುಕೂಟದಲ್ಲಿ ಒಂದು ಸಾಲಿನ ಅಚ್ಚುಮೊಳೆಗಳನ್ನು ಎಂದೂ ಬಿಚ್ಚುತ್ತಿರಲಿಲ್ಲ. ‘ಸಂಬಂಧವಾಗಿ ಆರೋಪ ಹೊರಿಸಲಾಗಿದೆ’ ಎಂಬ ಸಾಲು ಅದು. ಉಳಿದ ಸಾಲುಗಳನ್ನೆಲ್ಲ ಪತ್ರಿಕೆ ಅಚ್ಚಾದ ಮೇಲೆ ಬಿಚ್ಚಿ, ಒಂದೊಂದು ಅಕ್ಷರವನ್ನೂ ಮೊಳೆಪೆಟ್ಟಿಗೆಯ ಅದರದರ ಮನೆಗೆ ಹಾಕುತ್ತಿದ್ದರು. ಈ ಸಾಲಿನ ನಾಲ್ಕು ಪ್ರತಿಗಳಿಗೆ ಮಾತ್ರ ದಾರ ಸುತ್ತಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದರು. ಕೋರ್ಟಿನ ಸುದ್ದಿ ವಾರವಾರವೂ ಬರುತ್ತಿತ್ತು, ವಾರವಾರವೂ ಹಾಗೆಯೇ ಮುಗಿಯುತ್ತಿತ್ತು. ಮೊಳೆ ಜೋಡಿಸುತ್ತಿದ್ದವರು ಅರವತ್ತು ದಾಟಿದ ಹಿರಿಯರು. “ಇದು ಮನಿ ಅಳಿಯ ಇದ್ದಂಗರಿ,” ಎನ್ನುತ್ತಿದ್ದರು. “ವಾರಕ್ಕೊಮ್ಮೆ ಬರಾವನ. ದಾರಿ ಖರ್ಚು ಯಾಕ, ಇಲ್ಲೇ ಇರಲಿ.”

ಅದು ಹುಬ್ಬಳ್ಳಿಯ ಒಂದು ಸಣ್ಣ ವಾರಪತ್ರಿಕೆ. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಕೆಲವು ವರ್ಷಗಳಿದ್ದವು. ಇಂಗ್ಲಿಷಿನಲ್ಲಿ ಬಂದ ತಂತಿ, ಪತ್ರ, ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಆ ಬೇಸಿಗೆಯ ಕೊನೆಯಲ್ಲಿ ಹಳೇ ಹುಬ್ಬಳ್ಳಿಯ ಕೆಲವು ಓಣಿಗಳಲ್ಲಿ ಕಾಲರಾ ಕಾಣಿಸಿಕೊಂಡಿತು. ನೀರು ತಳ ಮುಟ್ಟಿದ ಬಾವಿಗಳೇ ಅದಕ್ಕೆ ಕಾರಣ ಎಂದು ವೈದ್ಯರು ಹೇಳಿದರು. ಬಾವಿಗೆ ನೇರಳೆ ಬಣ್ಣದ ಪುಡಿ ಹಾಕಿ ಒಂದು ದಿನ ನೀರು ಮುಟ್ಟದೆ ಬಿಡಬೇಕು. ಜನಕ್ಕೆ ಆ ಪುಡಿಯ ಮೇಲೆ ನಂಬಿಕೆ ಇರಲಿಲ್ಲ. ನೀರು ಕೆಂಪಗಾಗುವುದನ್ನು ಕಂಡವರಿಗೆ ಅದು ಔಷಧ ಎನ್ನಿಸುವುದು ಕಷ್ಟವೇ.

ಶುಕ್ರವಾರ ಮಧ್ಯಾಹ್ನ ನನ್ನ ಮೇಜಿನ ಮೇಲೆ ನಾಲ್ಕು ಇಂಗ್ಲಿಷ್ ಕಾಗದಗಳಿದ್ದವು. ಮೂರು ಕೋರ್ಟಿನವು: ಒಂದು ಕಳವು, ಒಂದು ಹೊಡೆದಾಟ, ಒಂದು ಕಳ್ಳಬಟ್ಟಿ. ನಾಲ್ಕನೆಯದು ಆರೋಗ್ಯ ಖಾತೆಯ ಎರಡು ಸಾಲಿನ ಪ್ರಕಟಣೆ. ನಾಲ್ಕರಲ್ಲೂ ಒಂದೇ ಕ್ರಿಯಾಪದವಿತ್ತು: ಚಾರ್ಜ್. ಮೊದಲ ಮೂರರಲ್ಲಿ ಅದರ ಅರ್ಥ ಆರೋಪ. ನಾಲ್ಕನೆಯದರಲ್ಲಿ, ಇಂಥ ಇನ್‌ಸ್ಪೆಕ್ಟರರಿಗೆ ಇಂಥ ಓಣಿಯ ಒಂಬತ್ತು ಬಾವಿಗಳನ್ನು ವಹಿಸಿಕೊಡಲಾಗಿದೆ ಎಂದರ್ಥ. ಮೂರರ ಓಟದಲ್ಲೇ ನಾನು ನಾಲ್ಕನೆಯದನ್ನೂ ಬರೆದು ಮುಗಿಸಿದೆ. ಇನ್‌ಸ್ಪೆಕ್ಟರರ ಮೇಲೆ ಒಂಬತ್ತು ಬಾವಿಗಳ ಸಂಬಂಧವಾಗಿ ಆರೋಪ ಹೊರಿಸಲಾಗಿದೆ. ಕಿಟಕಿಯ ಕಟ್ಟೆಯ ಮೇಲಿನ ನಾಲ್ಕನೆಯ ಸಾಲೂ ಹೋಗಿ ತನ್ನ ಜಾಗದಲ್ಲಿ ಕೂತಿತು. ಸಂಪಾದಕರು ಧಾರವಾಡಕ್ಕೆ ಹೋಗಿದ್ದರು. ಕರಡನ್ನು ತಿದ್ದಿದವನೂ ನಾನೇ. ತಪ್ಪು ಮಾಡಿದ ಕಣ್ಣೇ ತಿದ್ದಲು ಕೂತರೆ ಏನು ಕಾಣಬೇಕೋ ಅದೇ ಕಂಡಿತು.

ಶನಿವಾರ ಬೆಳಿಗ್ಗೆ ಪತ್ರಿಕೆ ಹಂಚಿಕೆಯಾಯಿತು. ಹತ್ತು ಗಂಟೆಯ ಸುಮಾರಿಗೆ ಮೊಳೆ ಜೋಡಿಸುವ ಹಿರಿಯರು ಬಂದರು. ಅವರ ಮನೆ ಆ ಒಂಬತ್ತು ಬಾವಿಗಳ ಓಣಿಯಲ್ಲೇ ಇತ್ತು. ಟೊಪ್ಪಿಗೆ ತೆಗೆಯದೆ ನನ್ನ ಮೇಜಿನ ಮುಂದೆ ನಿಂತರು.

“ಬಾಂವಿ ಇನ್‌ಸ್ಪೆಕ್ಟರ್ ಬಗ್ಗೆ ಏನ್ ಬರದೀರಿ?”

“ನೀವ ಜೋಡಿಸೀರಲ್ಲರಿ.”

“ನಾ ಮೊಳಿ ಜೋಡಿಸ್ತೇನಿ, ಅರ್ಥ ಯಾರು ನೋಡ್ತಾರ? ಕ್ಷೌರದ ಅಂಗಡ್ಯಾಗ ಓದಿ ಹೇಳ್ಯಾರ. ಬಾಂವ್ಯಾಗ ವಿಷ ಹಾಕಿದ್ದಕ್ಕ ಅಂವನ ಮ್ಯಾಲ ಕೇಸ್ ಆಗೇತಿ ಅಂತ ಓಣಿ ತುಂಬ ಸುದ್ದಿ. ಅಂವ ಈಗ ಪುಡಿ ಡಬ್ಬಿ ತಗೊಂಡು ಬಂದಾನ. ಮಂದಿ ಡಬ್ಬಿ ಕಸಗೊಂಡು ಅಂವನ್ನ ಬಾಂವಿ ಹತ್ರ ಒಗಿಯೂ ಕಲ್ಲಿನ ಮ್ಯಾಲ ಕೂಡಿಸ್ಯಾರ. ಕೈಯಾಗ ಕಲ್ಲು ಅದಾವ್ರಿ.”

ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದ ಹಳೆಯ ಕಾಗದಗಳಿಂದ ಆ ಪ್ರಕಟಣೆಯನ್ನು ತೆಗೆದು ಓದಿದೆ. ಎರಡನೆಯ ಸಲ ಓದಬೇಕಾಗಲಿಲ್ಲ.

“ನೀರು?” ಎಂದು ಕೇಳಿದೆ.

“ಸೇದಾಕತ್ತಾರ, ಕುಡ್ಯಾಕತ್ತಾರ. ವಿಷ ಹಾಕೂದ ತಪ್ಪೇತಿ ಅಂತ ಖುಷಿಯಿಂದ ಕುಡ್ಯಾಕತ್ತಾರ. ನಮ್ಮ ಮನಿಯಿಂದ ಮೂರನೇ ಮನ್ಯಾಗ ಸೊಸಿ ಗುರುವಾರದಿಂದ ಮಲಗ್ಯಾಳ.”

ತಿದ್ದುಪಡಿ ಮುಂದಿನ ಶನಿವಾರ ಅಚ್ಚಾಗಬಹುದಿತ್ತು. ನಾನು ಕಾಗದವನ್ನು ಜೇಬಿನಲ್ಲಿಟ್ಟುಕೊಂಡೆ. ಇಬ್ಬರೂ ಟಾಂಗಾ ಹತ್ತಿದೆವು.

ಮೊದಲನೆಯ ಬಾವಿಯ ಸುತ್ತ ಐವತ್ತು ಜನ ಇದ್ದಿರಬೇಕು. ಇನ್‌ಸ್ಪೆಕ್ಟರರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಕೋಟಿನ ಒಂದು ತೋಳು ಹೊಲಿಗೆ ಬಿಟ್ಟಿತ್ತು. ಮುಖದಲ್ಲಿ ಗಾಯವಿರಲಿಲ್ಲ. ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ ಪುಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಾವಿಯ ಪಕ್ಕದ ಮನೆಯವಳು. ಓಣಿಯೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಅವಳ ಹಿಂದೆ ಇಬ್ಬರು ಹೆಂಗಸರು ನೀರು ಸೇದುತ್ತಿದ್ದರು. ರಾಟೆಯ ಗಡಗಡೆ ಸದ್ದು ನಿಂತಿರಲಿಲ್ಲ.

ಆ ಸುದ್ದಿಯನ್ನು ಬರೆದವನು ನಾನು, ಬರೆದದ್ದು ತಪ್ಪು ಎಂದು ಹೇಳಿದೆ. ರೈಲ್ವೆ ಕಾರಖಾನೆಯ ಫಿಟ್ಟರ್ ಒಬ್ಬ ಪತ್ರಿಕೆಯನ್ನು ಮಡಚಿ ಹಿಡಿದಿದ್ದ.

“ಬೆಳಿಗ್ಗೆ ಒಂದು, ಈಗೊಂದು. ಯಾರು ಹೇಳಿ ಕಳಿಸ್ಯಾರ ನಿಮಗ?”

“ಯಾರೂ ಇಲ್ರಿ. ಇಂಗ್ಲಿಷಿನ್ಯಾಗ ಚಾರ್ಜ್ ಅಂತ ಒಂದು ಮಾತೈತಿ. ಅದಕ್ಕ ಎರಡು ಅರ್ಥ ಅದಾವ.”

“ಎರಡ್ಯಾಕ?” ಎಂದು ಹಿಂದಿನಿಂದ ಒಬ್ಬ ಅಂದ. “ಬಜಾರದಾಗ ಲಾಠಿ ಚಾರ್ಜ್ ಆದಾಗ ನನಗ ಮೂರನೇದ್ದು ಕೊಟ್ಟಾರ. ಬೆನ್ನ ಮ್ಯಾಲ ಇನ್ನೂ ಐತಿ, ಓದಬೇಕಾದ್ರ ಅಂಗಿ ತಗೀತೇನಿ.”

ಒಂದಿಬ್ಬರು ನಕ್ಕರು. ಫಿಟ್ಟರ್ ನಗಲಿಲ್ಲ.

“ಚಾರ್ಜ್‌ಶೀಟ್ ಅಂದ್ರೇನು ಅಂತ ನನಗ ಹೇಳಬ್ಯಾಡ್ರಿ. ಎರಡು ಸಲ ತಗೊಂಡೇನಿ.”

“ನಿಮ್ಮ ಶಾಪಿಗೆ ಹೊಸಾ ಫೋರ್‌ಮನ್ ಬಂದ್ರ ಏನಂತೀರಿ?”

“ಚಾರ್ಜ್ ತಗೊಂಡ ಅಂತೀವಿ.”

“ಅಂದ್ರ ಕಳ್ಳತನ ಮಾಡಿದ ಅಂತ ಏನು?”

“ಬಂದ ದಿನ ಮಾಡಂಗಿಲ್ಲ. ಆಮ್ಯಾಲ ಮಾಡ್ತಾನ.”

ಈ ಸಲ ನಗು ದೊಡ್ಡದಾಗಿಯೇ ಎದ್ದಿತು. ಆದರೆ ಕಲ್ಲು ಹಿಡಿದವರು ಕಲ್ಲನ್ನು ಕೆಳಗಿಡಲಿಲ್ಲ. ಡಬ್ಬಿಯೂ ಆಯಿಯ ತೊಡೆಯ ಮೇಲೇ ಇತ್ತು. ಅವಳ ಹಿಂದೆ ಇನ್ನೊಂದು ಕೊಡ ತುಂಬಿತು.

“ನಗೂದು ಸಾಕು,” ಎಂದಳು ಆಯಿ. “ನನಗ ಇಂಗ್ಲಿಷ್ ಬರಂಗಿಲ್ಲ. ಕಳ್ಳಗೂ ಅದ ಮಾತು, ಕಾಯಾವಂಗೂ ಅದ ಮಾತು ಅಂದ್ರ ಆ ಮಂದಿ ಹೆಂಗ ಬಾಳೇ ಮಾಡ್ತಾರ? ನಮ್ಮ ಮಾತಿನ್ಯಾಗ ಹಂಗ ಇಲ್ಲ.”

ಕಿಟಕಿಯ ಕಟ್ಟೆಯ ಮೇಲಿನ ಆ ಸಾಲು ನೆನಪಾಯಿತು, ಅದರ ಕೊನೆಯ ‘ಹೊರಿಸಲಾಗಿದೆ’ ಎಂಬ ಮಾತು ನೆನಪಾಯಿತು.

“ಐತಿ ಆಯೀ. ಮನಿತನದ ಭಾರಾ ಮಗನ ಮ್ಯಾಲ ಹೊರಿಸ್ತೀವಿ. ತಪ್ಪು ಮಾಡಿದವನ ಮ್ಯಾಲ ತಪ್ಪೂ ಹೊರಿಸ್ತೀವಿ. ಎರಡೂ ಹೊರಿಸೂದ. ಸರಕಾರದವ್ರು ಇವ್ರ ಮ್ಯಾಲ ಬಾಂವಿ ಹೊರಿಸಿದ್ರು. ನಾ ತಪ್ಪು ಹೊರಿಸಿದೆ.”

ಆಯಿ ಡಬ್ಬಿಯನ್ನು ಎತ್ತಿ ಇನ್‌ಸ್ಪೆಕ್ಟರರಿಗಲ್ಲ, ನನಗೆ ಕೊಟ್ಟಳು.

“ಹಂಗಾದ್ರ ಈಗ ನೀ ಹೊರು. ಒಂಬತ್ತೂ ಬಾಂವಿಗೆ ಹೋಗಿ, ಅಲ್ಲೇ ನಿಂತು, ನಿನ್ನ ಬಾಯಿಲೆ ಹೇಳು. ಪೇಪರ್ ಓದವ್ರು ನಾಕ ಮಂದಿ. ಬಾಂವಿಗೆ ಬರಾವ್ರು ಎಲ್ಲಾರೂ.” ಹಿಂದೆ ತಿರುಗಿ, “ಹಗ್ಗ ಬಿಡ್ರವ್ವಾ,” ಎಂದಳು.

ಗಡಗಡೆ ನಿಂತಿತು. ಇನ್‌ಸ್ಪೆಕ್ಟರರು ಕಲ್ಲಿನಿಂದ ಎದ್ದರು. “ಹನ್ನೊಂದು ಹೊಡದು ಹೋತು. ಲಗೂ ನಡೀರಿ,” ಎಂದರು. ನನ್ನ ಕಡೆ ನೋಡಲಿಲ್ಲ.

ಪುಡಿಯನ್ನು ಬಕೆಟ್ಟಿಗೆ ಹಾಕಿ ಬಾವಿಗೆ ಇಳಿಬಿಟ್ಟು ಹತ್ತಾರು ಸಲ ಮೇಲೆ ಕೆಳಗೆ ಆಡಿಸಬೇಕು. ಅವರು ಆಡಿಸುತ್ತಿದ್ದಾಗ ನಾನು ಕಟ್ಟೆಯ ಮೇಲೆ ನಿಂತು ಹೇಳುತ್ತಿದ್ದೆ. ಎರಡನೆಯ ಬಾವಿಯಲ್ಲಿ ಇಂಗ್ಲಿಷ್ ಮಾತು, ಫೋರ್‌ಮನ್, ಕೋರ್ಟು ಎಲ್ಲವನ್ನೂ ಹೇಳಿದೆ. ಅರ್ಧಕ್ಕೇ ಜನ ಗೊಣಗತೊಡಗಿದರು. ಐದನೆಯ ಬಾವಿಯಲ್ಲಿ ಒಂದು ಕಲ್ಲು ಬಂತು. ಅದು ಡಬ್ಬಿಗೆ ಬಡಿದು ಡಬ್ಬಿ ನೆಗ್ಗಿತು, ಪುಡಿ ಚೆಲ್ಲಲಿಲ್ಲ. ಏಳನೆಯ ಬಾವಿ ಒಂದು ಮನೆಯ ಅಂಗಳದಲ್ಲಿತ್ತು, ಅಲ್ಲಿ ಯಜಮಾನ ಪೇಟೆಯಿಂದ ಬರುವವರೆಗೆ ಮನೆಯವರು ಬಕೆಟ್ಟು ಇಳಿಸಲು ಬಿಡಲಿಲ್ಲ. ಒಂದು ತಾಸು ಬಿಸಿಲಲ್ಲಿ ನಿಂತೆವು. ಆ ಒಂದು ತಾಸಿನಲ್ಲಿ ಎಷ್ಟು ಕೊಡ ಹೊರಬಂದವೆಂದು ನಾನು ಎಣಿಸುತ್ತಿದ್ದೆ, ಆಮೇಲೆ ಬಿಟ್ಟುಬಿಟ್ಟೆ. ಹಿರಿಯರೂ ಫಿಟ್ಟರನೂ ನಮ್ಮ ಜೊತೆಗೇ ಬಂದಿದ್ದರು. ಫಿಟ್ಟರ್ ಕಾವಲಿಗೆ ಬಂದನೋ, ನನ್ನ ಮಾತು ಬದಲಾಗುತ್ತದೆಯೇ ಎಂದು ನೋಡಲು ಬಂದನೋ ಗೊತ್ತಾಗಲಿಲ್ಲ. ಕಾರಖಾನೆಗೆ ಅಂದು ರಜೆ ಹಾಕಿದ್ದ.

ನನ್ನ ಮಾತು ಬದಲಾಗಲಿಲ್ಲ, ಗಿಡ್ಡಾಯಿತು. ಸಂಜೆ ನಾಲ್ಕರ ಸುಮಾರಿಗೆ ಒಂಬತ್ತನೆಯ ಬಾವಿಗೆ ಬಂದಾಗ ಉಳಿದದ್ದು ಇಷ್ಟೇ: “ನಾ ತಪ್ಪು ಬರದೇನಿ. ಇವ್ರು ಬಾಂವಿ ಕಾಯಾಕ ಬಂದವ್ರು.” ಅಲ್ಲಿ ಯಾರೂ ತಡೆಯಲಿಲ್ಲ. ಇದನ್ನೇ ಮೊದಲನೆಯ ಬಾವಿಯಲ್ಲಿ ಹೇಳಿದ್ದರೆ ಎಷ್ಟು ಹೊತ್ತು ಉಳಿಯುತ್ತಿತ್ತೋ ಹೇಳಲಾರೆ.

ಹಿರಿಯರ ಮನೆಯಿಂದ ಮೂರನೆಯ ಮನೆಯ ಸೊಸೆ ಭಾನುವಾರ ತೀರಿಕೊಂಡಳು. ಅವಳು ಹಾಸಿಗೆ ಹಿಡಿದದ್ದು ಗುರುವಾರ, ಪತ್ರಿಕೆ ಹೊರಬಂದದ್ದು ಶನಿವಾರ. ಆದರೆ ಅವಳ ಅತ್ತೆಗೂ ಸೋಮವಾರ ಶುರುವಾಯಿತು. ಅತ್ತೆ ಉಳಿದರು. ಅವರು ಕುಡಿದ ನೀರು ಯಾವ ಗಳಿಗೆಯಲ್ಲಿ ಸೇದಿದ್ದು ಎಂದು ಇನ್‌ಸ್ಪೆಕ್ಟರರನ್ನು ಕೇಳಿದೆ. “ಅದನ್ನ ಯಾರೂ ಹೇಳಾಕ ಬರಂಗಿಲ್ಲ,” ಎಂದರು. “ಗೊತ್ತಿಲ್ಲದ್ದನ್ನ ಮತ್ತ ಬರೀಬ್ಯಾಡ್ರಿ.” ಆ ಓಣಿಯ ಕೆಲಸ ಮುಗಿಯುವವರೆಗೆ ಅವರು ಅದೇ ಕೋಟು ಹಾಕಿಕೊಂಡು ಬರುತ್ತಿದ್ದರು. ತೋಳು ಹೊಲಿದಿತ್ತು, ದಾರದ ಬಣ್ಣ ಬೇರೆ.

ಕೆಲವು ದಿನಗಳ ಮೇಲೆ ಧಾರವಾಡದಲ್ಲಿ ಪರಿಚಯದ ಉಪನ್ಯಾಸಕರೊಬ್ಬರ ಮನೆಯ ದೊಡ್ಡ ನಿಘಂಟಿನಲ್ಲಿ ಆ ಮಾತನ್ನು ಹುಡುಕಿದೆ. ಎರಡು ಪುಟ ತುಂಬ ಇತ್ತು. ಬಂದೂಕಿಗೆ ಮದ್ದು ತುಂಬುವುದು, ಸಾಮಾನಿಗೆ ಬೆಲೆ ಹಾಕುವುದು, ಬ್ಯಾಟರಿಗೆ ವಿದ್ಯುತ್ತು ತುಂಬುವುದು, ಕೆಲಸ ವಹಿಸುವುದು, ಅಪರಾಧ ಹೊರಿಸುವುದು, ಕುದುರೆ ದಂಡು ಮೈಮೇಲೆ ನುಗ್ಗುವುದು. ಎಲ್ಲಕ್ಕೂ ಬೇರು ಒಂದೇ. ಹಳೆಯ ಲ್ಯಾಟಿನ್ನಿನಲ್ಲಿ ಅದು ಬಂಡಿ. ಬಂಡಿಯ ಮೇಲೆ ಹೇರು ಹೇರುವುದು ಎಂಬ ಅರ್ಥದಿಂದ ಇಷ್ಟೆಲ್ಲ ಹುಟ್ಟಿದೆ. ಹುಬ್ಬಳ್ಳಿಯ ಅರಳೆ ಪೇಟೆಯ ಮುಂದೆ ದಿನಾ ನಿಲ್ಲುತ್ತಿದ್ದ ಬಂಡಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಬಂಡಿ, ಅದೇ ಎತ್ತು. ಅರಳೆ ಹೇರಿದರೂ ಕಲ್ಲು ಹೇರಿದರೂ ಬಂಡಿಗೆ ಅದು ಹೇರೇ. ನಮ್ಮ ಆರೋಪವನ್ನೂ ಅಲ್ಲೇ ಸಂಸ್ಕೃತ ಕೋಶದಲ್ಲಿ ನೋಡಿದೆ. ಮೇಲೆ ಇಡುವುದು, ಏರಿಸುವುದು. ಸಸಿ ನೆಡುವುದಕ್ಕೂ, ಬಿಲ್ಲಿಗೆ ಹೆದೆ ಏರಿಸುವುದಕ್ಕೂ ಅದೇ ಧಾತು. ಆಯಿಗೆ ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಹೇಳುವಾಗ ನನಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವನಂತೆ ಹೇಳಿದ್ದೆ.

ಆ ತಪ್ಪು ಅಚ್ಚಾದ ಮುಂದಿನ ಶನಿವಾರವೇ ತಿದ್ದುಪಡಿ ಮೊದಲ ಪುಟದಲ್ಲೇ ಬಂದಿತ್ತು. ಅದಕ್ಕೂ ಮೊದಲು, ಆ ವಾರದ ಸೋಮವಾರ, ನಾನು ಕಿಟಕಿಯ ಕಟ್ಟೆಯ ಮೇಲಿನ ನಾಲ್ಕೂ ಸಾಲುಗಳನ್ನು ಹಿರಿಯರ ಮುಂದೆ ಇಟ್ಟೆ.

“ಬಿಚ್ಚಿಬಿಡ್ರಿ.”

“ಅಳಿಯನ ಹೊರಗ ಹಾಕಿದಂಗಾತು,” ಎಂದರು. ಆದರೂ ದಾರ ಕತ್ತರಿಸಿ, ಒಂದೊಂದೇ ಅಕ್ಷರವನ್ನು ಅದರದರ ಮನೆಗೆ ಹಾಕಿದರು.

ಗುರುವಾರ ಕೋರ್ಟಿನ ಸುದ್ದಿ ಬಂತು. ಅವರು ನನ್ನ ಬರಹವನ್ನು ಕೈಯಲ್ಲಿ ಹಿಡಿದು, ಮೊಳೆ ಎತ್ತುವ ಮೊದಲು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಇದು ಯಾವ ಚಾರ್ಜ್ರಿ? ಬಾಂವೀದೋ, ತಪ್ಪಿಂದೋ?”

ಕಣ್ಣು ಮಂಜಾಗಿ ಕೆಲಸ ಬಿಡುವವರೆಗೆ ಪ್ರತಿ ವಾರವೂ ಕೇಳಿದರು. ನಾನೂ ಪ್ರತಿ ವಾರ ಇಂಗ್ಲಿಷ್ ಕಾಗದವನ್ನು ಮತ್ತೊಮ್ಮೆ ತೆಗೆದು ಓದಿಯೇ ಉತ್ತರ ಹೇಳುತ್ತಿದ್ದೆ.